ದೇವರ ಎತ್ತಿಗೆ ಹುಲ್ಲು ಎಲ್ಲಿಂದ ಬರಬೇಕು?

ಇವತ್ತಿನ ಕಂತು ಗೋವಿನ ಬಗ್ಗೆ. ಗಾಬರಿ ಬೇಡ, ಟಿವಿ ಚರ್ಚೆಯ ಥರ ಕೂಗಾಟ ಇರಲ್ಲ.

ಗೋವಿನ ಮೈಯಲ್ಲಿ ಮೂವತ್ತಮೂರು ಕೋಟಿ ದೇವತೆಗಳಿದ್ದಾರೆ ಅನ್ನೋ ಮಾತು ನಮ್ಮಲ್ಲಿ ಎಲ್ಲರ ಮನೆಯಲ್ಲೂ ಕೇಳಿಬರುತ್ತೆ. ಕೊಂಬಿನಲ್ಲಿ ಒಬ್ಬರು, ಗೊರಸಿನಲ್ಲಿ ಒಬ್ಬರು ಅಂತ ದೇವರನ್ನೆಲ್ಲ ಕೂರಿಸಿದ ಆ ಕ್ಯಾಲೆಂಡರ್ ಚಿತ್ರವನ್ನೂ ನೀವು ನೋಡಿರ್ತೀರಿ. ಗೃಹಪ್ರವೇಶದ ದಿನ ಹಸು ಕರು ಒಳಗೆ ಬರಬೇಕು, ದೀಪಾವಳಿಗೆ ಗೋಪೂಜೆ ಆಗಬೇಕು. ಇದೆಲ್ಲ ಸರಿ. ಆದರೆ ಕಾಮರ್ಸ್ ಓದಿದ ನನ್ನ ತಲೆಗೆ ಬೇರೆಯೇ ಒಂದು ಪ್ರಶ್ನೆ ಬರುತ್ತೆ: ಬೆಳಿಗ್ಗೆ ಪೂಜೆ ಮಾಡಿಸಿಕೊಂಡ ಹಸು ಮಧ್ಯಾಹ್ನ ಏನು ತಿನ್ನುತ್ತೆ? ಆ ಖರ್ಚು ಯಾರ ಖಾತೆಗೆ?

ಇದು ತಮಾಷೆಯ ಪ್ರಶ್ನೆ ಅಲ್ಲ. ನಮ್ಮ ಹಿಂದಿನವರು ಇದಕ್ಕೆ ಉತ್ತರ ಹುಡುಕಿಕೊಂಡಿದ್ದರು, ಮತ್ತು ಆ ಉತ್ತರದ ಗುರುತು ಇವತ್ತಿಗೂ ನೆಲದ ಮೇಲೇ ಇದೆ.

ಮೊದಲು ಊರಾಚೆಯ ಕಲ್ಲುಗಳನ್ನು ನೋಡಿ. ಕರ್ನಾಟಕದಲ್ಲಿ ಸಿಗುವ ವೀರಗಲ್ಲುಗಳಲ್ಲಿ ಎಷ್ಟೋ ಕಲ್ಲುಗಳು ತುರುಗೊಳ್ ಕಲ್ಲುಗಳು. ತುರು ಅಂದರೆ ದನ. ಶತ್ರುಗಳು ಊರಿನ ದನ ಹೊಡೆದುಕೊಂಡು ಹೋಗುವಾಗ ಅಡ್ಡ ನಿಂತು, ಅವನ್ನು ಬಿಡಿಸಲು ಹೋಗಿ ಸತ್ತವನ ನೆನಪಿಗೆ ನಿಲ್ಲಿಸಿದ್ದು. ಕೆಳಗಿನ ಪಟ್ಟಿಯಲ್ಲಿ ಕಾಳಗ, ಪಕ್ಕದಲ್ಲಿ ಸಾಲಾಗಿ ದನಗಳು. ನಡುವಿನ ಪಟ್ಟಿಯಲ್ಲಿ ಅಪ್ಸರೆಯರು ಅವನನ್ನು ಮೇಲಕ್ಕೆ ಕರೆದೊಯ್ಯುತ್ತಿದ್ದಾರೆ. ಮೇಲೆ, ಹೆಚ್ಚಾಗಿ ಲಿಂಗದ ಎದುರಿಗೆ ಅವನು ಕೂತಿದ್ದಾನೆ. ಅಂದರೆ ದನ ಕಾದವನಿಗೆ ನೇರವಾಗಿ ಶಿವನ ಸನ್ನಿಧಿ. ಸ್ವರ್ಗಕ್ಕೆ ಹೋದವನು ರಾಜನೇ ಆಗಬೇಕಿರಲಿಲ್ಲ, ಊರಿನ ಸಾಮಾನ್ಯ ಮನುಷ್ಯನೂ ಆಗಬಹುದಿತ್ತು. ದಾನ ಶಾಸನಗಳ ಕೊನೆಯ ಶಾಪವನ್ನೂ ಗಮನಿಸಿ: ಈ ದಾನ ಕೆಡಿಸಿದವನಿಗೆ ಕಾಶಿಯಲ್ಲಿ ಸಾವಿರ ಕವಿಲೆ ಕೊಂದ ಪಾಪ ಬರಲಿ ಅನ್ನುವ ಅರ್ಥದ್ದು. ಭೂಮಿಯ ಕಾಗದಪತ್ರಕ್ಕೆ ಹಸುವೇ ಸೆಕ್ಯುರಿಟಿ!

ಈಗ ಅರಮನೆಗೆ ಬರೋಣ. ಮೈಸೂರಿನ ಚಿಕ್ಕದೇವರಾಜ ಒಡೆಯರು (ಆಳಿದ್ದು 1673ರಿಂದ 1704) ಆಡಳಿತವನ್ನು ಇಲಾಖೆಗಳಾಗಿ ವಿಂಗಡಿಸಿದಾಗ ದನಗಳಿಗೂ ಒಂದು ಇಲಾಖೆ ಸಿಕ್ಕಿತು. ಅದರ ಹೆಸರು ಬೆಣ್ಣೆ ಚಾವಡಿ. ಅರಮನೆಗೆ ಹಾಲು ಬೆಣ್ಣೆ ಒದಗಿಸೋದು ಅದರ ಕೆಲಸ. ಇಲ್ಲಿ ಮುಖ್ಯವಾದದ್ದು ಏನಂದ್ರೆ, ದನಗಳ ಜೊತೆಗೆ ಹುಲ್ಲುಗಾವಲುಗಳನ್ನೂ ರಾಜ್ಯದ ಬೇರೆ ಬೇರೆ ಕಡೆ ಮೀಸಲಿಟ್ಟರು. ಅವೇ ಕಾವಲುಗಳು. ಮಳೆಗಾಲಕ್ಕೆ ಒಂದು ಕಾವಲು, ಚಳಿಗಾಲಕ್ಕೆ ಇನ್ನೊಂದು, ಬೇಸಿಗೆಗೆ ನೀರು ನೆರಳು ಇರುವ ಮತ್ತೊಂದು. ದನಗಳು ಋತು ನೋಡಿಕೊಂಡು ನಡೆಯುತ್ತಿದ್ದವು, ಹುಲ್ಲಿಗೂ ಚಿಗುರಲು ಸಮಯ ಸಿಗುತ್ತಿತ್ತು.

ಹೈದರ್ ಕಾಲಕ್ಕೆ ಇದೇ ದನಗಳು ಫಿರಂಗಿ ಎಳೆದವು. 1781ರಲ್ಲಿ ಚಿದಂಬರದ ಕಡೆಗೆ ಅವನ ಸೈನ್ಯ ಎರಡೂವರೆ ದಿನಕ್ಕೆ 100 ಮೈಲಿ ಸಾಗಿದ್ದು ಈ ಎತ್ತುಗಳಿಂದ ಅಂತ ಗೆಜೆಟಿಯರ್‌ಗಳು ಹೇಳುತ್ತವೆ. ಟಿಪ್ಪು ಬೆಣ್ಣೆ ಚಾವಡಿಯ ಹೆಸರನ್ನು ಅಮೃತ್‌ಮಹಲ್ ಅಂತ ಬದಲಾಯಿಸಿ, ದನ ಸಾಕುವುದಕ್ಕೆ ಹುಕುಂನಾಮೆ ಹೊರಡಿಸಿದ. ಬೆಣ್ಣೆ ಹೋಗಿ ಅಮೃತ ಬಂತು. ಆದರೆ ಈ ತಳಿಯ ಹಸು ಕೊಡುವ ಹಾಲು ಅದರ ಕರುವಿಗೆ ಸಾಕಾದರೆ ಹೆಚ್ಚು. ಶ್ರೀರಂಗಪಟ್ಟಣ ಬಿದ್ದ 1799ರ ನಂತರ ಬ್ರಿಟಿಷರು ಇವನ್ನು ವಹಿಸಿಕೊಂಡರು, 1860ರಲ್ಲಿ ಖರ್ಚು ಉಳಿಸಲು ಹಿಂಡನ್ನೇ ಮಾರಿದರು. ಕೆಲವೇ ವರ್ಷಕ್ಕೆ ಸೈನ್ಯಕ್ಕೆ ಒಳ್ಳೆ ಎತ್ತು ಸಿಗದೆ ಮತ್ತೆ ಹಿಂಡು ಕಟ್ಟಬೇಕಾಯಿತು. ಕಾಸ್ಟ್ ಕಟಿಂಗ್ ಅನ್ನೋದು ಹಳೇ ಕಾಯಿಲೆ.

ಇದು ರಾಜ್ಯದ ಕಥೆ. ಇದರಲ್ಲಿ ಭಕ್ತಿಗಿಂತ ಯುದ್ಧವೇ ಹೆಚ್ಚು ಅಂತ ನೀವು ಹೇಳಬಹುದು, ನಾನು ಒಪ್ತೀನಿ. ಹಾಗಾಗಿ ಈಗ ಅದೇ ಕಾವಲುಗಳಿರುವ ಚಿತ್ರದುರ್ಗದ ಸೀಮೆಗೆ ಹೋಗೋಣ. ಚಳ್ಳಕೆರೆ, ಮೊಳಕಾಲ್ಮೂರು, ನಾಯಕನಹಟ್ಟಿ ಕಡೆ. ಅಲ್ಲಿ ಮ್ಯಾಸನಾಯಕರು ಸಾಕುವ ದೇವರ ಎತ್ತುಗಳಿವೆ.

ಇದರ ಲೆಕ್ಕ ನನ್ನಂಥ ಬಿಕಾಂನವನಿಗೆ ಒಗಟು. ಎತ್ತು ಅಂತ ಕರೆದರೂ ಹಿಂಡಿನಲ್ಲಿ ಹಸು, ಹೋರಿ, ಕರು ಎಲ್ಲ ಇರುತ್ತವೆ. ಮಾಲೀಕ ದೇವರು. ಗಾದ್ರಿಪಾಲನಾಯಕ, ಜಗಳೂರು ಪಾಪನಾಯಕರಂಥ ದನ ಕಾಯ್ದ ವೀರರನ್ನೇ ಪೂಜಿಸುವ ಬುಡಕಟ್ಟು ಇದು. ಒಂದೊಂದು ದೇವರಿಗೆ ಒಂದೊಂದು ಹಿಂಡು. ನೇಗಿಲಿಗೆ ಕಟ್ಟುವಂತಿಲ್ಲ, ಹಾಲು ಮಾರುವಂತಿಲ್ಲ, ಕಟುಕರಿಗೆ ಕೊಡುವಂತಿಲ್ಲ. ಸತ್ತರೆ ಮನೆಯ ಹಿರಿಯರಿಗೆ ಮಾಡಿದ ಹಾಗೆ ಮಣ್ಣು ಮಾಡುತ್ತಾರೆ. ದನ ಕೂಡುವ ರೊಪ್ಪ ಅವರಿಗೆ ಗುಡಿಯೇ, ಚಪ್ಪಲಿ ಹಾಕಿಕೊಂಡು ಒಳಗೆ ಕಾಲಿಡುವಂತಿಲ್ಲ. ನೋಡಿಕೊಳ್ಳುವವನು ಕಿಲಾರಿ. ಅವನು ಬರಿಗಾಲಲ್ಲೇ ಹಿಂಡಿನ ಹಿಂದೆ ನಡೆಯುತ್ತಾನೆ. ಹಿಂಡು ಎಲ್ಲಿ ತಂಗಿತೋ ಅಲ್ಲೇ ಅವನ ರಾತ್ರಿ.

ಆದಾಯದ ಕಾಲಂ ಪೂರ್ತಿ ಖಾಲಿ. ನನಗೆ ಗೋಸೇವೆಯ ಅರ್ಥ ಹೊಳೆದದ್ದು ಇಲ್ಲಿಯೇ. ಹಾಲಿಗಾಗಿ ಹಸು ಸಾಕೋದು ವ್ಯವಹಾರ, ಅದರಲ್ಲಿ ತಪ್ಪೇನಿಲ್ಲ. ಏನೂ ಕೊಡದ ಪ್ರಾಣಿಯ ಹಿಂದೆ ಇಡೀ ಆಯುಷ್ಯ ನಡೆಯೋದು ಬೇರೆಯದೇ ವಿಷಯ. ಅಲ್ಲಿ ಪೂಜೆ ಅಂದರೆ ಆರತಿ ಎತ್ತುವ ಐದು ನಿಮಿಷ ಅಲ್ಲ. ಹುಲ್ಲು, ನೀರು, ನೆರಳು ಹುಡುಕಿಕೊಂಡು ನಡೆಯುವ ಇಡೀ ದಿನ.

ಇದೇ ಬಯಲುಸೀಮೆಯ ಕಾಡುಗೊಲ್ಲರ ದೇವರು ಜುಂಜಪ್ಪ. ಶಿರಾ ತಾಲ್ಲೂಕಿನ ಕಳುವರಹಳ್ಳಿಯಲ್ಲಿ ಜುಂಜಪ್ಪನ ಗುಡ್ಡೆ ಇದೆ. ಅವನೂ ದನಗಾಹಿ. ಅವನ ಕಥೆಯನ್ನು ಗಣೆ ಅನ್ನುವ ಉದ್ದನೆಯ ಬಿದಿರಿನ ಕೊಳಲು ಊದಿಕೊಂಡು ಹಾಡುತ್ತಾರೆ, ಅದರಲ್ಲಿ ಬಡಮೈಲ ಅನ್ನುವ ಗೂಳಿಗೂ ನಾಯಕನಷ್ಟೇ ಜಾಗ. ಗೋಪಾಲಕೃಷ್ಣ ದೂರದ ಬೃಂದಾವನದವನು ಅಂದುಕೊಂಡರೂ, ದನ ಕಾಯುವವನೇ ದೇವರಾಗೋದು ನಮ್ಮ ನೆಲಕ್ಕೇನೂ ಹೊಸದಲ್ಲ.

ಹಾಗಾದರೆ ಹುಲ್ಲು? ಇಲ್ಲೇ ಸಮಸ್ಯೆ ಇರೋದು.

ಅಮೃತ್‌ಮಹಲ್ ಕಾವಲುಗಳು ಒಂದು ಕಾಲಕ್ಕೆ 4 ಲಕ್ಷ ಎಕರೆಗೂ ಹೆಚ್ಚಿದ್ದವು. ಈಗ ಉಳಿದಿರೋದು ಅದರಲ್ಲಿ ಸಣ್ಣ ಪಾಲು. ಸ್ವಾತಂತ್ರ್ಯದ ನಂತರ ಹೆಚ್ಚು ಆಹಾರ ಬೆಳೆಯಿರಿ ಅಂತ ಹೇಳಿ ಒಂದಷ್ಟು ಹಂಚಿಹೋಯಿತು, ಒಂದಷ್ಟು ಒತ್ತುವರಿ, ಒಂದಷ್ಟರಲ್ಲಿ ನೀಲಗಿರಿ ನೆಡುತೋಪು. ನಮ್ಮ ಕಂದಾಯ ನಿಯಮದ ಪ್ರಕಾರ 100 ದನಕ್ಕೆ 30 ಎಕರೆಯಂತೆ ಗೋಮಾಳ ಬಿಡಬೇಕು. ನಿಮ್ಮೂರಿನ ಗೋಮಾಳ ಎಲ್ಲಿದೆ ಅಂತ ಒಮ್ಮೆ ವಿಚಾರಿಸಿ ನೋಡಿ. ಅಲ್ಲಿ ಬಡಾವಣೆಯೋ ಕ್ರಷರೋ ಇದ್ದರೆ ಆಶ್ಚರ್ಯ ಬೇಡ.

ಚಳ್ಳಕೆರೆಯಲ್ಲಿ ಆದದ್ದು ಇನ್ನೂ ದೊಡ್ಡದು. ವರವು, ಖುದಾಪುರ, ಉಳ್ಳಾರ್ತಿ ಕಾವಲುಗಳಲ್ಲಿ ಒಟ್ಟು 8 ಸಾವಿರ ಎಕರೆಗೂ ಹೆಚ್ಚು ಜಾಗ ಡಿಆರ್‌ಡಿಒ, ಬಿಎಆರ್‌ಸಿ, ಇಸ್ರೊ, ಭಾರತೀಯ ವಿಜ್ಞಾನ ಸಂಸ್ಥೆಗಳಿಗೆ ಹೋಯಿತು. ಸುತ್ತ ಎತ್ತರದ ಕಾಂಪೌಂಡ್ ಎದ್ದಿತು. ಹಳ್ಳಿಯವರು ಹಸಿರು ನ್ಯಾಯಮಂಡಳಿಯವರೆಗೂ ಹೋದರು. ಆದರೂ ಯೋಜನೆಗಳು ಮುಂದುವರಿದವು. ದೇಶಕ್ಕೆ ರಕ್ಷಣೆ ಬೇಕು, ವಿಜ್ಞಾನ ಬೇಕು, ಅದರಲ್ಲಿ ನನಗೆ ಎರಡು ಮಾತಿಲ್ಲ. ಆದರೆ ಕಡತದಲ್ಲಿ ಬಂಜರು ಅಂತ ಕಂಡ ಆ ನೆಲ ಬಂಜರಲ್ಲ. ಅದು ಕುರಿ ಕಾಯುವವರ, ಕಂಬಳಿ ನೇಯುವವರ, ಕಿಲಾರಿಯ ಅನ್ನ. ಹುಲ್ಲಿನಲ್ಲೇ ಬದುಕುವ ಎರೆಭೂತ ಹಕ್ಕಿ, ಕೃಷ್ಣಮೃಗಗಳ ಸೀಮೆಯೂ ಹೌದು.

ಈಗ ಬರಗಾಲ ಬಂತು ಅಂದರೆ ದೇವರ ಎತ್ತಿಗೆ ಮೇವಿಲ್ಲ ಅನ್ನೋ ಸುದ್ದಿ ಪತ್ರಿಕೆಯಲ್ಲಿ ಖಾಯಂ. ಆಗ ದಾನಿಗಳು ಲಾರಿಯಲ್ಲಿ ಮೇವು ಕಳಿಸುತ್ತಾರೆ, ಸರ್ಕಾರ ಗೋಶಾಲೆ ತೆರೆಯುತ್ತೆ. ಒಳ್ಳೆಯದೇ. 2022ರಲ್ಲಿ ಪುಣ್ಯಕೋಟಿ ದತ್ತು ಯೋಜನೆಯೂ ಬಂತು, ವರ್ಷಕ್ಕೆ 11 ಸಾವಿರ ರೂಪಾಯಿ ಕಟ್ಟಿದರೆ ಗೋಶಾಲೆಯ ಒಂದು ಹಸು ನಿಮ್ಮ ದತ್ತು. ದಿನಕ್ಕೆ ಸುಮಾರು 30 ರೂಪಾಯಿ ಆಯ್ತು. ಇವತ್ತಿನ ಒಣಮೇವಿನ ದರ ಗೊತ್ತಿರೋ ಯಾವ ರೈತನನ್ನಾದರೂ ಕೇಳಿ, ಆ ದುಡ್ಡಿಗೆ ಹಸುವಿನ ಹೊಟ್ಟೆ ಎಷ್ಟು ತುಂಬುತ್ತೆ ಅಂತ. ನಡೆದು ಮೇಯಲು ನೆಲ ಇದ್ದಾಗ ಈ ಲೆಕ್ಕವೇ ಬೇಕಿರಲಿಲ್ಲ.

ಗೋರಕ್ಷಣೆ ಅಂತ ಇಷ್ಟೊಂದು ಮಾತಾಡುವ ನಾವು, ಹಸುವನ್ನು ಯಾರಿಂದ ಕಾಪಾಡಬೇಕು ಅನ್ನುವುದರಲ್ಲೇ ಮುಳುಗಿದ್ದೇವೆ. ಕಾವಲಿನ ಸರ್ವೆ ನಂಬರ್ ಹಿಡಿದು ತಾಲ್ಲೂಕು ಕಚೇರಿಗೆ ಹೋದವರು ಅದರಲ್ಲಿ ಎಷ್ಟು ಜನ? ಮತ್ತೆ ಕಿಲಾರಿಯ ಮಗನ ವಿಷಯ. ಅವನೂ ಶಾಲೆಗೆ ಹೋಗಿದ್ದಾನೆ, ಅವನಿಗೂ ಬೆಂಗಳೂರಿನ ಬಸ್ಸು ಗೊತ್ತು. ಸಂಬಳ, ರಜೆ, ಪಿಂಚಣಿ ಇಲ್ಲದ, ಮೇಯಿಸಲು ಜಾಗವೂ ಇಲ್ಲದ ಕೆಲಸಕ್ಕೆ ಬರಿಗಾಲಲ್ಲಿ ನಿಲ್ಲು ಅಂತ ಅವನಿಗೆ ಹೇಳುವ ಹಕ್ಕು ನನಗಂತೂ ಇಲ್ಲ.

ಅಮೃತ್‌ಮಹಲ್ ದನಗಳನ್ನು ನೋಡಬೇಕು ಅನ್ನೋರು ಅಜ್ಜಂಪುರಕ್ಕೆ ಹೋಗಬಹುದು, ಸರ್ಕಾರದ ತಳಿ ಸಂವರ್ಧನಾ ಕೇಂದ್ರ ಅಲ್ಲಿದೆ. ನಿಮ್ಮೂರ ಗೋಮಾಳ ಈಗ ಏನಾಗಿದೆ ಅಂತ ಪತ್ತೆ ಮಾಡಿದರೆ ನನಗೊಂದು ವಾಯ್ಸ್ ನೋಟ್ ಕಳಿಸಿ. ಮುಂದಿನ ಕಂತಿನಲ್ಲಿ ಕೇಳಿಸ್ತೀನಿ.