ಸಾಕುಪ್ರಾಣಿಗಳ ವಿದೇಶ ವಿಮಾನಯಾನ: ಹಾಸನ ಸೀಮೆಯಿಂದ

ಹೊರದೇಶದಲ್ಲಿ ನೆಲೆಸಲು ಹೊರಟ ಕುಟುಂಬ ಮನೆಯ ನಾಯಿ, ಬೆಕ್ಕನ್ನೂ ವಿಮಾನದಲ್ಲಿ ಕರೆದೊಯ್ಯುವ ಕ್ರಮ. ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣದವರಿಗೆ ಇದರ ಹೆಬ್ಬಾಗಿಲು 2008ರಲ್ಲಿ ದೇವನಹಳ್ಳಿ ಬಳಿ ಆರಂಭವಾದ ಬೆಂಗಳೂರಿನ ವಿಮಾನ ನಿಲ್ದಾಣ. ಆದರೆ ಕೆಲಸ ಶುರುವಾಗುವುದು ವಿಮಾನ ಹತ್ತುವುದಕ್ಕೂ ತಿಂಗಳುಗಳ ಮುಂಚೆ, ಊರಿನ ಪಶುವೈದ್ಯರ ಮೇಜಿನ ಮುಂದೆ.

ಪ್ರಾಣಿ ಊರು ಬದಲಿಸುವುದು ಈ ಸೀಮೆಗೆ ಹೊಸದಲ್ಲ. ಬೂಕನಬೆಟ್ಟ, ರಾಮನಾಥಪುರದ ದನದ ಜಾತ್ರೆಗಳಲ್ಲಿ ಎತ್ತುಗಳು ಕೈಬದಲಾಗಿ ದೂರದ ಊರುಗಳಿಗೆ ನಡೆಯುತ್ತಿದ್ದವು; ಅವುಗಳ ಹಿಂದೆ ರೋಗವೂ ನಡೆಯುತ್ತಿತ್ತು. ಇಂದಿನ ನಿಯಮಗಳೆಲ್ಲ ಹುಟ್ಟಿದ್ದು ಈ ಭಯದಿಂದಲೇ. ಬ್ರಿಟಿಷ್ ಸರ್ಕಾರ 1898ರಲ್ಲಿ ಜಾನುವಾರು ಆಮದು ಕಾಯ್ದೆ ತಂದಿತು. 1920ರಲ್ಲಿ ಭಾರತ ಉಪಖಂಡದಿಂದ ಬ್ರೆಜಿಲ್‌ಗೆ ಹೊರಟಿದ್ದ ಡುಬ್ಬದ ದನಗಳು ನಡುವೆ ಆಂಟ್ವರ್ಪ್ ಬಂದರಿನಲ್ಲಿ ತಂಗಿದಾಗ ಬೆಲ್ಜಿಯಂಗೆ ದನಗಳ ದೊಡ್ಡರೋಗ (ರಿಂಡರ್‌ಪೆಸ್ಟ್) ಹಬ್ಬಿತು. ಆ ಆಘಾತದ ಫಲವಾಗಿ 1924ರ ಜನವರಿ 25ರಂದು 28 ದೇಶಗಳು ಪ್ಯಾರಿಸ್‌ನಲ್ಲಿ ಒಪ್ಪಂದ ಮಾಡಿಕೊಂಡವು. ಇಂದಿನ ವಿಶ್ವ ಪ್ರಾಣಿ ಆರೋಗ್ಯ ಸಂಸ್ಥೆಯ ಮೂಲ ಅದು. ಮರುವರ್ಷ ಇದೇ ರೋಗದ ವಿರುದ್ಧ ಹೆಬ್ಬಾಳದಲ್ಲಿ ಮೈಸೂರು ಸೀರಂ ಸಂಸ್ಥೆ ತಲೆಯೆತ್ತಿತು. ಮಗಳಿರುವ ದೇಶಕ್ಕೆ ನಾಯಿ ಕಳಿಸುವವರು ಇಂದು ಹಿಡಿದು ಓಡಾಡುವ ಆರೋಗ್ಯ ಪ್ರಮಾಣಪತ್ರಕ್ಕೆ ಹೀಗೆ ನೂರು ವರ್ಷದ ವಂಶಾವಳಿ ಇದೆ.

ಕನ್ನಡ ನಾಡಿನಿಂದ ಸಾಗರ ದಾಟಿದ ಪ್ರಾಣಿಗಳಲ್ಲಿ ಹೆಸರಾದದ್ದು ಮನೆಯ ನಾಯಿಯಲ್ಲ, ಆನೆ. ನೆಹರೂ ಅವರು ಜಪಾನಿನ ಮಕ್ಕಳಿಗೆ ಕಾಣಿಕೆಯಾಗಿ ಕೊಟ್ಟ ಮೈಸೂರಿನ ಆನೆ ಇಂದಿರಾ 1949ರಲ್ಲಿ ಹಡಗಿನಲ್ಲಿ ಟೋಕಿಯೋ ತಲುಪಿತು. ಅದಕ್ಕೆ ತಿಳಿಯುತ್ತಿದ್ದದ್ದು ಕನ್ನಡದ ಆಜ್ಞೆಗಳು ಮಾತ್ರ. ಅಲ್ಲಿನ ಉಯೆನೋ ಮೃಗಾಲಯದ ಪಾಲಕರು ಜೊತೆಗೆ ಹೋಗಿದ್ದ ಮಾವುತರಿಂದ ಆ ಮಾತುಗಳನ್ನು ಕಲಿಯಬೇಕಾಯಿತು. ಕಾಗದಪತ್ರದಲ್ಲಿ ಎಲ್ಲೂ ಕಾಣದ ಈ ಸಂಗತಿ ಪ್ರಾಣಿ ಸಾಗಿಸುವ ಪ್ರತಿಯೊಬ್ಬರೂ ನೆನಪಿಡಬೇಕಾದದ್ದು. 2025ರ ಜುಲೈನಲ್ಲಿ ಬನ್ನೇರುಘಟ್ಟದ ನಾಲ್ಕು ಆನೆಗಳು ಸರಕು ವಿಮಾನದಲ್ಲೇ ಜಪಾನಿಗೆ ಹಾರಿದವು.

ವಿಮಾನದಲ್ಲಿ ಪ್ರಾಣಿ ಸಾಗಿಸಲು ಅಂತರರಾಷ್ಟ್ರೀಯ ವಾಯು ಸಾರಿಗೆ ಸಂಘ 1969ರಲ್ಲಿ ನಿಯಮಾವಳಿ ಪ್ರಕಟಿಸಿತು. ಪೆಟ್ಟಿಗೆಯೊಳಗೆ ಪ್ರಾಣಿ ನಿಲ್ಲಲು, ತಿರುಗಲು, ಸಹಜವಾಗಿ ಮಲಗಲು ಜಾಗವಿರಬೇಕು ಎಂಬುದು ಅದರ ತಿರುಳು. ಪಗ್‌ನಂತಹ ಚಪ್ಪಟೆ ಮೂಗಿನ ತಳಿಗಳಿಗೆ ಸೆಖೆಯಲ್ಲಿ ಉಸಿರು ಕಟ್ಟುವುದರಿಂದ ಅನೇಕ ವಿಮಾನ ಸಂಸ್ಥೆಗಳು ಅವನ್ನು ಒಪ್ಪುವುದಿಲ್ಲ.

ಇಲ್ಲಿಂದ ಹೊರಡುವವರಿಗೆ ನಿಜವಾದ ಅಡ್ಡಿ ರೇಬೀಸ್. ಇನ್ನೂ ಹುಚ್ಚುನಾಯಿ ರೋಗವಿರುವ ನಾಡಿನ ಪ್ರಾಣಿಯನ್ನು ಬೇರೆ ದೇಶಗಳು ಸುಲಭಕ್ಕೆ ನಂಬುವುದಿಲ್ಲ. ಯುರೋಪ್ ಒಕ್ಕೂಟದ ಕ್ರಮದಲ್ಲಿ ಮೊದಲು ಮೈಕ್ರೋಚಿಪ್, ಅನಂತರ ಲಸಿಕೆ. ಈ ಕ್ರಮ ತಿರುವುಮುರುವಾದರೆ ಹಾಕಿಸಿದ ಲಸಿಕೆ ಲೆಕ್ಕಕ್ಕಿಲ್ಲ. ಮೈಕ್ರೋಚಿಪ್ ಅನ್ನು ಕೊನೆಗೆ ನೆನೆಯುವ ಕುಟುಂಬಗಳು ಎಡವುವುದು ಇಲ್ಲೇ. ಮರಿಗೆ 12 ವಾರ ತುಂಬಿದ ಮೇಲೆ ಲಸಿಕೆ, ಕನಿಷ್ಠ 30 ದಿನ ಕಳೆದು ರಕ್ತ ಪರೀಕ್ಷೆ, ಅದರಲ್ಲಿ ಮಿಲಿಲೀಟರಿಗೆ 0.5 ಅಂತರರಾಷ್ಟ್ರೀಯ ಘಟಕದಷ್ಟಾದರೂ ಪ್ರತಿಕಾಯ, ರಕ್ತ ತೆಗೆದ ದಿನದಿಂದ ಮತ್ತೆ ಮೂರು ತಿಂಗಳ ಕಾಯುವಿಕೆ. ಹೀಗಾಗಿ ಸುಮಾರು ಏಳು ತಿಂಗಳೊಳಗಿನ ಮರಿ ಯುರೋಪಿಗೆ ಹೊರಡುವ ಮಾತೇ ಇಲ್ಲ. ಬ್ರಿಟನ್ ಆರು ತಿಂಗಳ ಕಡ್ಡಾಯ ದಿಗ್ಬಂಧನವನ್ನು 2000ದಿಂದ ಸಡಿಲಿಸುತ್ತ ಬಂತು. ಆಸ್ಟ್ರೇಲಿಯಾಕ್ಕೆ ಭಾರತದಿಂದ ನೇರ ಪ್ರವೇಶವಿಲ್ಲ. ನಡುವೆ ಮಾನ್ಯ ದೇಶವೊಂದರಲ್ಲಿ ತಂಗಲೇಬೇಕು.

ಅಮೆರಿಕ 2021ರ ಜುಲೈನಲ್ಲಿ ಭಾರತವೂ ಸೇರಿದಂತೆ ರೇಬೀಸ್ ಅಪಾಯ ಹೆಚ್ಚಿರುವ ದೇಶಗಳ ನಾಯಿಗಳನ್ನು ತಡೆಯಿತು. 2024ರ ಆಗಸ್ಟ್ 1ರಿಂದ ಹೊಸ ನಿಯಮ: ನಾಯಿಗೆ ಆರು ತಿಂಗಳಾಗಿರಬೇಕು, ಚಿಪ್ ಇರಬೇಕು, ಇಲ್ಲಿ ಲಸಿಕೆ ಪಡೆದದ್ದಾದರೆ ಅಲ್ಲಿನ ನೋಂದಾಯಿತ ಆರೈಕೆ ಕೇಂದ್ರದಲ್ಲಿ ಮೊದಲೇ ಜಾಗ ಕಾಯ್ದಿರಿಸಿರಬೇಕು. ರಕ್ತ ಪರೀಕ್ಷೆಯ ಮಾನ್ಯ ಫಲಿತಾಂಶವಿಲ್ಲದಿದ್ದರೆ 28 ದಿನ ದಿಗ್ಬಂಧನ. ಬೆಕ್ಕಿಗೆ ಈ ನಿಯಮ ಅನ್ವಯಿಸದು.

ಇಷ್ಟೆಲ್ಲಕ್ಕೆ ಹತ್ತಿರದ ನೆರವೂ ಉಂಟು: ಹಾಸನದಲ್ಲಿ ಪಶುವೈದ್ಯಕೀಯ ಕಾಲೇಜಿದೆ. ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನ ರೇಬೀಸ್ ಪ್ರಯೋಗಾಲಯ ವಿಶ್ವ ಪ್ರಾಣಿ ಆರೋಗ್ಯ ಸಂಸ್ಥೆಯ ಮಾನ್ಯತೆ ಪಡೆದಿದೆ. ಹೊರಡುವ ಅಪ್ಪಣೆ ನೀಡುವುದು ಮಾತ್ರ ಕೇಂದ್ರ ಸರ್ಕಾರದ ಪ್ರಾಣಿ ದಿಗ್ಬಂಧನ ಮತ್ತು ಪ್ರಮಾಣೀಕರಣ ಸೇವೆ. ದೇಶದಲ್ಲಿರುವ ಅದರ ಆರು ಕೇಂದ್ರಗಳಲ್ಲಿ ಬೆಂಗಳೂರಿನದೂ ಒಂದು. ಪಂಜರದ ನಾಡಗಿಳಿಗೆ ಈ ದಾರಿ ಮುಚ್ಚಿದೆ: 1972ರ ವನ್ಯಜೀವಿ ಕಾಯ್ದೆಯಂತೆ ಅದನ್ನು ಸಾಕುವುದೇ ಅಪರಾಧ.

ಮರಳಿ ಬರುವವರಿಗೂ ಕಟ್ಟಳೆಯುಂಟು. ಎರಡು ವರ್ಷ ಹೊರದೇಶದಲ್ಲಿದ್ದು ವಾಸ ಬದಲಿಸಿ ಬರುವವರು ಎರಡು ಸಾಕುಪ್ರಾಣಿಗಳನ್ನು ತರಬಹುದು. ವ್ಯಾಪಾರಕ್ಕಾಗಿ ನಾಯಿ ಆಮದು 2016ರಲ್ಲಿ ನಿಂತಿತು.