ಆಲ್ಡೊ ಲಿಯೋಪೋಲ್ಡ್: ಒಬ್ಬ ಬೇಟೆಗಾರನ ವಿವೇಕೋದಯ

ಮನಃಪರಿವರ್ತನೆಯ ಪ್ರಸಂಗಗಳನ್ನು ಹೇಳುವಾಗ ಅವುಗಳನ್ನು ಒಂದೇ ಕ್ಷಣಕ್ಕೆ ಕಟ್ಟಿಹಾಕುವುದು ನಮ್ಮ ವಾಡಿಕೆ. ಕಣ್ಣೆದುರಿಗೆ ಒಂದು ಜೀವ ಪ್ರಾಣ ಬಿಟ್ಟಿತು. ನೋಡಿದವನ ಹೃದಯ ಕರಗಿತು. ಅಂದಿನಿಂದ ಆತ ಬೇರೆಯೇ ಮನುಷ್ಯನಾದ ಎಂಬಲ್ಲಿಗೆ ಕಥೆ ಮುಗಿಯುತ್ತದೆ. ಪುರಾಣಗಳಿಗೆ ಈ ಕ್ರಮ ಒಪ್ಪುತ್ತದೆ. ಆದರೆ ಕಾಗದಪತ್ರಗಳೂ ಲೇಖನಗಳೂ ಉಳಿದುಬಂದಿರುವ ಆಧುನಿಕ ಕಾಲದ ವ್ಯಕ್ತಿಯೊಬ್ಬನ ಜೀವನವನ್ನು ಪರಿಶೀಲಿಸಿದರೆ, ಕಂಡದ್ದಕ್ಕೂ ಅರಿತದ್ದಕ್ಕೂ ನಡುವೆ ಎಷ್ಟು ದೀರ್ಘವಾದ ಅಂತರವಿರಬಲ್ಲುದೆಂಬುದು ಗೋಚರವಾಗುತ್ತದೆ. ಪ್ರಕೃತಿಯ ವಿಷಯದಲ್ಲಿ ಮನುಷ್ಯನ ಅರಿವು ಬೆಳೆಯುವ ಬಗೆಗೆ ಅಮೆರಿಕದ ಅರಣ್ಯಶಾಸ್ತ್ರಜ್ಞ ಆಲ್ಡೊ ಲಿಯೋಪೋಲ್ಡರ ಬದುಕು ಒಂದು ಸಮರ್ಥ ನಿದರ್ಶನವಾಗಿದೆ.

ಲಿಯೋಪೋಲ್ಡರು 1887ರ ಜನವರಿ 11ರಂದು ಅಯೋವಾ ಪ್ರಾಂತದ ಬರ್ಲಿಂಗ್ಟನ್ ಎಂಬಲ್ಲಿ, ಮಿಸಿಸಿಪಿ ನದಿಯ ದಂಡೆಯ ಮೇಲೆ ಜನಿಸಿದರು. ತಂದೆಯವರದು ಬರೆಯುವ ಮೇಜುಗಳನ್ನು ತಯಾರಿಸುವ ಉದ್ಯಮ. ಅವರು ಬೇಟೆಗಾರರಾಗಿದ್ದರೂ ಕಾನೂನು ಬರುವುದಕ್ಕಿಂತ ಮೊದಲೇ ತಮ್ಮ ಬೇಟೆಗೆ ತಾವೇ ಮಿತಿ ಹಾಕಿಕೊಂಡವರು. ಮಗನು ತಂದೆಯಿಂದ ಬಂದೂಕು ಹಿಡಿಯುವುದನ್ನೂ ಹಕ್ಕಿಗಳನ್ನು ಗಮನಿಸುವುದನ್ನೂ ಒಟ್ಟಿಗೇ ಕಲಿತನು. 1909ರಲ್ಲಿ ಯೇಲ್ ವಿಶ್ವವಿದ್ಯಾನಿಲಯದಲ್ಲಿ ಅರಣ್ಯಶಾಸ್ತ್ರದ ಪದವಿ ಪಡೆದು, ಅದೇ ವರ್ಷ ಅಮೆರಿಕದ ಅರಣ್ಯ ಇಲಾಖೆಯನ್ನು ಸೇರಿ, ಆರಿಜೋನಾದ ಅಪಾಚೆ ಅರಣ್ಯಕ್ಕೆ ನಿಯುಕ್ತನಾದನು. ಆಗ ವಯಸ್ಸು ಇಪ್ಪತ್ತೆರಡು.

ಆ ವರ್ಷದ ಸೆಪ್ಟೆಂಬರಿನಲ್ಲಿ ಪ್ರಸಿದ್ಧವಾದ ಆ ಘಟನೆ ನಡೆಯಿತು. ಬಂಡೆಯ ಅಂಚಿನಲ್ಲಿ ಕುಳಿತು ಊಟ ಮಾಡುತ್ತಿದ್ದ ಅರಣ್ಯ ಸಿಬ್ಬಂದಿಗೆ ಕೆಳಗೆ ಹೊಳೆಯನ್ನು ದಾಟುತ್ತಿದ್ದ ಪ್ರಾಣಿಯೊಂದು ಕಂಡಿತು. ಮೊದಲು ಜಿಂಕೆಯೆಂದು ತಿಳಿದರು. ದಡ ಹತ್ತಿದಾಗ ಅದು ತಾಯಿ ತೋಳವೆಂದು ಗೊತ್ತಾಯಿತು. ಬೆಳೆದ ಮರಿಗಳು ಪೊದೆಗಳಿಂದ ಹೊರಬಂದು ತಾಯಿಯ ಸುತ್ತ ಕುಣಿದಾಡಿದವು. ಮೇಲಿನಿಂದ ಗುಂಡುಗಳ ಮಳೆಗರೆಯಿತು. ತಾಯಿ ಉರುಳಿತು, ಒಂದು ಮರಿ ಮುರಿದ ಕಾಲನ್ನು ಎಳೆದುಕೊಂಡು ಬಂಡೆಗಳ ನಡುವೆ ಮರೆಯಾಯಿತು. ಹತ್ತಿರ ಹೋದ ಲಿಯೋಪೋಲ್ಡರಿಗೆ ಸಾಯುತ್ತಿದ್ದ ತೋಳದ ಕಣ್ಣುಗಳಲ್ಲಿ ಹಸಿರು ಬೆಳಕೊಂದು ಆರುತ್ತಿದ್ದುದು ಕಾಣಿಸಿತು. ತನಗೆ ತಿಳಿಯದ, ಆ ತೋಳಕ್ಕೂ ಆ ಪರ್ವತಕ್ಕೂ ಮಾತ್ರ ತಿಳಿದ ಏನೋ ಒಂದು ಅದರಲ್ಲಿದೆ ಎಂದು ತೋರಿತೆಂದು ಅವರು ಮುಂದೆ ಬರೆದರು.

ಕಥೆ ಇಲ್ಲಿಗೆ ಮುಗಿದಿದ್ದರೆ ಅದು ಅಂಗುಲಿಮಾಲನ ಕಥೆಯಂತೆ ಆಗುತ್ತಿತ್ತು. ಆದರೆ ಇದನ್ನು ಬರೆದದ್ದು 1944ರಲ್ಲಿ, ಮೂವತ್ತೈದು ವರ್ಷಗಳ ತರುವಾಯ. 1909ರಲ್ಲಿ ತಾಯಿಗೆ ಬರೆದ ಕಾಗದದಲ್ಲಿ ಎರಡು ತೋಳಗಳನ್ನು ಕೊಂದ ವಿಷಯ ಬೇರೆ ಸುದ್ದಿಗಳ ನಡುವೆ ಹಗುರವಾಗಿ ಬಂದುಹೋಗುತ್ತದೆ. ಪಶ್ಚಾತ್ತಾಪದ ಸುಳಿವೂ ಅದರಲ್ಲಿಲ್ಲ. ಅಷ್ಟೇ ಅಲ್ಲ, 1915ರ ನಂತರದ ವರ್ಷಗಳಲ್ಲಿ ಅವರು ನ್ಯೂ ಮೆಕ್ಸಿಕೋದಲ್ಲಿ ಬೇಟೆಗಾರರ ಸಂಘಗಳನ್ನು ಕಟ್ಟಿ, ತೋಳಗಳನ್ನೂ ಪರ್ವತ ಸಿಂಹಗಳನ್ನೂ ಕಡೆಯದೊಂದು ಉಳಿಯದಂತೆ ನಿರ್ಮೂಲ ಮಾಡಬೇಕೆಂದು ಪ್ರಚಾರ ನಡೆಸಿದರು. 1920ರಲ್ಲಿ ನ್ಯೂಯಾರ್ಕಿನ ಸಭೆಯೊಂದರಲ್ಲಿ ಇದೇ ಮಾತನ್ನು ಸಾರಿದರು. ಸಾಯುವ ಪ್ರಾಣಿಯ ಕಣ್ಣನ್ನು ಕಂಡವರೇ ಹತ್ತು ವರ್ಷ ಕಳೆದರೂ ಹೀಗೆ ನುಡಿಯುತ್ತಿದ್ದರೆಂಬುದು ವಿಚಾರಾರ್ಹ ಸಂಗತಿ.

ಅವರು ಕ್ರೂರಿಗಳಾಗಿರಲಿಲ್ಲ. ಅವರ ಕಾಲದ ತರ್ಕ ಹಾಗಿತ್ತು: ತೋಳಗಳು ಕಡಿಮೆಯಾದರೆ ಜಿಂಕೆಗಳು ಹೆಚ್ಚುತ್ತವೆ, ತೋಳಗಳೇ ಇಲ್ಲವಾದರೆ ಅರಣ್ಯವು ಜಿಂಕೆಗಳ ಸ್ವರ್ಗವಾಗುತ್ತದೆ. 1915ರಲ್ಲಿ ಅಮೆರಿಕದ ಸಂಸತ್ತು ಈ ಕೆಲಸಕ್ಕಾಗಿಯೇ ಹಣ ಮಂಜೂರು ಮಾಡಿತ್ತು. ಈ ದೃಷ್ಟಿ ಆ ದೇಶಕ್ಕೆ ಮಾತ್ರ ಸೀಮಿತವೂ ಅಲ್ಲ. ನಮ್ಮ ಕಾಡುಗಳ ಸೀಳುನಾಯಿಯನ್ನೂ ಉಪದ್ರವಕಾರಿ ಪ್ರಾಣಿಯೆಂದೇ ಎಣಿಸಲಾಗಿತ್ತು. ಅದನ್ನು ಕೊಂದವರಿಗೆ ಇನಾಮು ಕೊಡುವ ಪದ್ಧತಿ ಬ್ರಿಟಿಷರ ಕಾಲದಲ್ಲಿ ಬೇರೂರಿ ಸ್ವಾತಂತ್ರ್ಯಾನಂತರವೂ ಮುಂದುವರಿದಿತ್ತು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಬಂದ ಮೇಲೆಯೇ ಆ ದೃಷ್ಟಿ ಬದಲಾಗತೊಡಗಿತು. ಒಂದು ಜೀವಿಗೆ 'ಉಪದ್ರವಕಾರಿ' ಎಂಬ ಹೆಸರು ಅಂಟಿದೊಡನೆ ಅದರ ವಧೆಯು ಕರ್ತವ್ಯವೆಂಬ ವೇಷ ಧರಿಸುತ್ತದೆ.

ಲಿಯೋಪೋಲ್ಡರ ಈ ನಂಬಿಕೆಯನ್ನು ಮೊದಲು ಅಲುಗಿಸಿದ್ದು ಕೈಬಾಬ್ ಪ್ರಸ್ಥಭೂಮಿಯ ದುರಂತ. ಗ್ರ್ಯಾಂಡ್ ಕ್ಯಾನಿಯನ್ ಕಣಿವೆಯ ಉತ್ತರಕ್ಕಿರುವ ಈ ಪ್ರದೇಶವನ್ನು 1906ರಲ್ಲಿ ಪ್ರಾಣಿಗಳ ರಕ್ಷಿತ ನೆಲೆಯೆಂದು ಘೋಷಿಸಿ, ಜಿಂಕೆಯ ಬೇಟೆಯನ್ನು ನಿಷೇಧಿಸಿ, ಹಿಂಸ್ರ ಪ್ರಾಣಿಗಳನ್ನು ಮಾತ್ರ ಕೊಲ್ಲುತ್ತ ಬಂದರು. ಜಿಂಕೆಗಳ ಹಿಂಡು ಬೆಳೆದು, ಎಟುಕಿದ ಚಿಗುರನ್ನೆಲ್ಲ ಮೇಯ್ದು ಮುಗಿಸಿ, 1924ರ ಸುಮಾರಿನಿಂದ ಸಹಸ್ರಗಟ್ಟಲೆ ಹಸಿವಿನಿಂದ ಸತ್ತವು. ಅವುಗಳ ನಿಜವಾದ ಸಂಖ್ಯೆಯ ಬಗೆಗೆ ವಿದ್ವಾಂಸರು ನಂತರ ವಾದಿಸಿದ್ದಾರೆ. ಹಸಿವಿನ ಸಾವು ಮಾತ್ರ ನಿರ್ವಿವಾದ. ಒಂದು ಜೀವಿಯ ಮೇಲಿನ ಪ್ರೀತಿಯ ಹೆಸರಿನಲ್ಲಿ ಇನ್ನೊಂದನ್ನು ಕೊಂದುದರ ಫಲವು ಪ್ರೀತಿಪಾತ್ರವಾದ ಜೀವಿಯ ಮೇಲೆಯೇ ಎರಗಿತ್ತು.

ಆ ಹೊತ್ತಿಗೆ ಅವರ ವಿಚಾರ ಇನ್ನೊಂದು ದಿಕ್ಕಿನಿಂದಲೂ ಬೆಳೆಯುತ್ತಿತ್ತು. ಅವರ ಪ್ರಯತ್ನದ ಫಲವಾಗಿ 1924ರಲ್ಲಿ ನ್ಯೂ ಮೆಕ್ಸಿಕೋದ ಹೀಲಾ ಪ್ರದೇಶದ ಸುಮಾರು ಏಳೂವರೆ ಲಕ್ಷ ಎಕರೆ ಅರಣ್ಯವನ್ನು ರಸ್ತೆ, ಕಟ್ಟಡಗಳಿಲ್ಲದೆ ಹಾಗೆಯೇ ಬಿಡಬೇಕೆಂದು ಇಲಾಖೆ ತೀರ್ಮಾನಿಸಿತು. ಅದೇ ವರ್ಷ ಅವರು ವಿಸ್ಕಾನ್ಸಿನ್ ಪ್ರಾಂತದ ಮ್ಯಾಡಿಸನ್ ನಗರಕ್ಕೆ ಬಂದರು. 1933ರಲ್ಲಿ ಅಲ್ಲಿನ ವಿಶ್ವವಿದ್ಯಾನಿಲಯದಲ್ಲಿ ಪ್ರಾಧ್ಯಾಪಕರಾದರು. 1935ರಲ್ಲಿ ಜರ್ಮನಿಗೆ ಹೋಗಿ, ಸಾಲಾಗಿ ನೆಟ್ಟ ಮರಗಳ ಮೌನವನ್ನೂ, ಮನುಷ್ಯರು ಹಾಕಿದ ಮೇವಿನಿಂದ ಬದುಕುತ್ತಿದ್ದ ಜಿಂಕೆಗಳನ್ನೂ ನೋಡಿದರು. ಮರುವರ್ಷ ಮೆಕ್ಸಿಕೋದ ಸಿಯೆರಾ ಮಾದ್ರೆ ಪರ್ವತಗಳಿಗೆ ಹೋದಾಗ ಇದಕ್ಕೆ ತದ್ವಿರುದ್ಧವಾದ ದೃಶ್ಯ ಕಂಡಿತು. ಅಲ್ಲಿ ತೋಳಗಳಿದ್ದವು, ಪರ್ವತ ಸಿಂಹಗಳಿದ್ದವು, ಜಿಂಕೆಗಳೂ ಇದ್ದವು. ಹೊಳೆಯ ನೀರು ತಿಳಿಯಾಗಿತ್ತು, ಮಣ್ಣು ಸವೆದಿರಲಿಲ್ಲ. ಆರೋಗ್ಯವಂತವಾದ ನೆಲವನ್ನು ತಾವು ಮೊದಲ ಬಾರಿಗೆ ಕಂಡದ್ದು ಅಲ್ಲಿಯೇ ಎಂದು ಅವರು ಭಾವಿಸಿದರು.

ನೋಡಿ ತಿಳಿದದ್ದನ್ನು ಕೈಯಿಂದ ಮಾಡಿ ತಿಳಿಯುವ ಅವಕಾಶವನ್ನೂ ಅವರು ಕಲ್ಪಿಸಿಕೊಂಡರು. 1935ರಲ್ಲಿಯೇ ವಿಸ್ಕಾನ್ಸಿನ್ ನದಿಯ ಬಳಿ ಬೇಸಾಯದಿಂದ ಸಾರಗೆಟ್ಟು, ಒಡೆಯರು ತೊರೆದುಹೋಗಿದ್ದ ಮರಳು ನೆಲವನ್ನು ಕೊಂಡರು. ಮನೆ ಸುಟ್ಟುಹೋಗಿತ್ತು, ಉಳಿದಿದ್ದುದು ಒಂದು ಕೋಳಿಗೂಡು ಮಾತ್ರ. ಅದನ್ನೇ ಗುಡಿಸಿ ಸಾರಿಸಿ ವಾರಾಂತ್ಯದ ವಸತಿ ಮಾಡಿಕೊಂಡು, ಪತ್ನಿ ಎಸ್ಟೆಲ್ಲಾ ಮತ್ತು ಐವರು ಮಕ್ಕಳೊಡನೆ ಪೈನ್ ಸಸಿಗಳನ್ನು ನೆಡತೊಡಗಿದರು. ಮೊದಲ ವರ್ಷ ನೆಟ್ಟವುಗಳಲ್ಲಿ ಬಹುಪಾಲು ಬರಗಾಲಕ್ಕೆ ಸತ್ತವು. ಮತ್ತೆ ನೆಟ್ಟರು. ಹನ್ನೆರಡು ವರ್ಷಗಳಲ್ಲಿ ನೆಟ್ಟ ಸಸಿಗಳು ಹತ್ತಾರು ಸಾವಿರ. ಯಾವ ಹೂವು ಎಂದು ಅರಳಿತು, ಯಾವ ಹಕ್ಕಿ ಎಂದು ಬಂದಿತು ಎಂಬುದನ್ನು ಟಿಪ್ಪಣಿ ಪುಸ್ತಕದಲ್ಲಿ ತಪ್ಪದೆ ಬರೆದಿಟ್ಟರು. ಅನ್ಯರಿಗೆ ಉಪದೇಶಿಸುವ ಅಧಿಕಾರಿಯು ಇಲ್ಲಿ ತನ್ನ ನೆಲದ ವಿದ್ಯಾರ್ಥಿಯಾದನು.

ಇಷ್ಟಾದರೂ ಒಂದು ಕೊರತೆ ಉಳಿದಿತ್ತು. 1940ರ ದಶಕದಲ್ಲಿ ಅವರು ಪ್ರಕೃತಿಯ ನಾಶವನ್ನು ಕುರಿತು ಮನಮುಟ್ಟುವ ಪ್ರಬಂಧಗಳನ್ನು ಬರೆಯುತ್ತಿದ್ದರು. ಅವುಗಳಲ್ಲಿ ತಪ್ಪಿತಸ್ಥರು ಯಾವಾಗಲೂ ಬೇರೆಯವರು. ಅವರ ಶಿಷ್ಯರೂ ಚಿತ್ರಕಾರರೂ ಆಗಿದ್ದ ಆಲ್ಬರ್ಟ್ ಹಾಕ್‌ಬಾಮ್ ಎಂಬವರು ಹಸ್ತಪ್ರತಿಯನ್ನು ಓದಿ, ಈ ನಾಶದಲ್ಲಿ ಒಂದು ಕಾಲಕ್ಕೆ ತಮ್ಮ ಪಾಲೂ ಇತ್ತಲ್ಲವೆ, ಅದನ್ನು ಏಕೆ ಹೇಳಬಾರದು ಎಂದು ಪತ್ರಮುಖೇನ ಕೇಳಿದರು. ಗುರುಗಳು ಸಿಟ್ಟಾಗಲಿಲ್ಲ, ಕೆಲಕಾಲ ಹಿಂಜರಿದರು. 1944ರ ಏಪ್ರಿಲ್ 1ರ ದಿನಾಂಕವುಳ್ಳ 'ಪರ್ವತದಂತೆ ಚಿಂತಿಸುವುದು' ಎಂಬ ಪ್ರಬಂಧದಲ್ಲಿ ಕೊನೆಗೂ ಆ ತೋಳದ ಸಾವನ್ನು ದಾಖಲಿಸಿ, ಬಂದೂಕು ಹಿಡಿದಿದ್ದವರಲ್ಲಿ ತಾವೂ ಒಬ್ಬರೆಂದು ಒಪ್ಪಿಕೊಂಡರು. 1909ರಲ್ಲಿ ಕಣ್ಣು ಕಂಡದ್ದು ವಾಣಿಯಾಗಿ ಹೊರಬರಲು ಶಿಷ್ಯನೊಬ್ಬನ ನಿಷ್ಠುರವಾದ ಸ್ನೇಹ ಬೇಕಾಯಿತು.

1948ರ ಏಪ್ರಿಲಿನಲ್ಲಿ ಆಕ್ಸ್‌ಫರ್ಡ್ ಯೂನಿವರ್ಸಿಟಿ ಪ್ರೆಸ್ ಅವರ ಗ್ರಂಥವನ್ನು ಪ್ರಕಟಿಸಲು ಒಪ್ಪಿತು. ಒಂದು ವಾರದ ನಂತರ, 21ರಂದು, ನೆರೆಯವರ ಹೊಲದಲ್ಲಿ ಹುಲ್ಲಿಗೆ ಹತ್ತಿದ ಬೆಂಕಿಯನ್ನು ಆರಿಸುತ್ತಿದ್ದಾಗ ಹೃದಯಾಘಾತದಿಂದ ಅವರು ನಿಧನ ಹೊಂದಿದರು. 'ಎ ಸ್ಯಾಂಡ್ ಕೌಂಟಿ ಆಲ್ಮನ್ಯಾಕ್' ಎಂಬ ಆ ಗ್ರಂಥ 1949ರಲ್ಲಿ ಪ್ರಕಟವಾಯಿತು. ಅದರ ಪ್ರಧಾನ ಪ್ರಬಂಧದಲ್ಲಿ ಲಿಯೋಪೋಲ್ಡರು ಗ್ರೀಕ್ ವೀರ ಒಡಿಸಿಯಸ್ಸನ ಪ್ರಸಂಗವನ್ನು ನೆನೆಯುತ್ತಾರೆ. ಯುದ್ಧ ಮುಗಿಸಿ ಮನೆಗೆ ಮರಳಿದ ಆತ ತನ್ನ ದಾಸಿಯರನ್ನು ಗಲ್ಲಿಗೇರಿಸಿದಾಗ ಯಾರೂ ಅದನ್ನು ಅಧರ್ಮವೆನ್ನಲಿಲ್ಲ. ಏಕೆಂದರೆ ದಾಸಿಯರು ಅವನ ಸ್ವತ್ತು. ಸ್ವತ್ತಿನ ವಿಷಯದಲ್ಲಿ ಲಾಭನಷ್ಟಗಳ ಪ್ರಶ್ನೆಯಿತ್ತೇ ಹೊರತು ಧರ್ಮಾಧರ್ಮಗಳ ಪ್ರಶ್ನೆಯಿರಲಿಲ್ಲ. ಮಣ್ಣು, ನೀರು, ಗಿಡಮರ, ಪ್ರಾಣಿಗಳು ಇಂದಿಗೂ ಆ ದಾಸಿಯರ ಸ್ಥಿತಿಯಲ್ಲಿವೆ ಎಂಬುದೂ, ಮನುಷ್ಯನು ಈ ಸಮುದಾಯದ ಒಡೆಯನಲ್ಲ, ಅದರ ಒಬ್ಬ ಸದಸ್ಯ ಮಾತ್ರ ಎಂಬುದೂ ಆ ಪ್ರಬಂಧದ ಸಾರ.

ಅಹಿಂಸೆಯನ್ನು ಪರಮಧರ್ಮವೆಂದು ಭಾವಿಸುವ ವಾಚಕರಿಗೆ ಇಲ್ಲೊಂದು ಶಂಕೆ ಏಳುವುದು ಸಹಜ. ಲಿಯೋಪೋಲ್ಡರು ಬೇಟೆಯನ್ನು ಸಂಪೂರ್ಣವಾಗಿ ತ್ಯಜಿಸಲಿಲ್ಲ. ಜಿಂಕೆಗಳು ಮಿತಿಮೀರಿದಲ್ಲಿ ಬೇಟೆಯಿಂದ ಅವುಗಳನ್ನು ತಗ್ಗಿಸಬೇಕೆಂದು ಕಡೆಯವರೆಗೂ ವಾದಿಸಿದರು. ಅವರ ಗಮನವಿದ್ದುದು ಇಡೀ ನೆಲದ ಆರೋಗ್ಯದ ಮೇಲೆ. ಒಂದೊಂದು ಜೀವದ ನೋವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುವ ಅಹಿಂಸಾದೃಷ್ಟಿ ಅದಕ್ಕಿಂತ ಭಿನ್ನವಾದುದು. ಈ ಭೇದವನ್ನು ಮರೆಮಾಚಿ ಅವರನ್ನು ನಮ್ಮವರೆಂದು ಸಾಧಿಸುವುದು ಸತ್ಯಕ್ಕೆ ಅಪಚಾರ. ಆದರೆ ಪೂರ್ಣತೆಯನ್ನು ಮುಟ್ಟದವರಿಂದ ಕಲಿಯುವುದಿಲ್ಲವೆಂದು ಹಟ ಹಿಡಿಯುವುದೂ ವಿವೇಕವಲ್ಲ. ಪ್ರಾಣಿವಧೆ ಮಾಡದ ನಾವು ಕೆರೆ ಬತ್ತಿದ್ದನ್ನು, ಗುಡ್ಡ ಬೋಳಾದದ್ದನ್ನು ಗಮನಿಸಿಯೇ ಇಲ್ಲದಿರಬಹುದು. ಆ ಕೆರೆಯಲ್ಲಿ, ಆ ಗುಡ್ಡದಲ್ಲಿ ಇಲ್ಲವಾದ ಜೀವಗಳು ನಮ್ಮ ಲೆಕ್ಕಕ್ಕೆ ಬಾರದೆ ಹೋಗಿರಬಹುದು. ಕೊಲ್ಲದಿರುವುದಷ್ಟಕ್ಕೇ ನಿಲ್ಲದೆ, ಏನು ಅಳಿಯುತ್ತಿದೆ ಎಂಬುದನ್ನು ಅರಿಯುವ ಹೊಣೆಯೂ ಅಹಿಂಸಾವ್ರತಿಯ ಮೇಲಿದೆ.

ಅವರ ಶ್ರಮದ ಫಲ ಅವರ ಕಾಲಾನಂತರವೂ ಕಾಣಿಸಿಕೊಂಡಿತು. ಅವರು 1936ರಿಂದ 1947ರವರೆಗೆ ಬರೆದಿಟ್ಟ ಟಿಪ್ಪಣಿಗಳನ್ನು, ಮಗಳು ನೀನಾ 1976ರಿಂದ ಅದೇ ನೆಲದಲ್ಲಿ ಬರೆದ ಟಿಪ್ಪಣಿಗಳೊಡನೆ ಹೋಲಿಸಿ 1999ರಲ್ಲಿ ಪ್ರಕಟವಾದ ಅಧ್ಯಯನವು, ವಸಂತದ ಅನೇಕ ಲಕ್ಷಣಗಳು ಮೊದಲಿಗಿಂತ ಬೇಗ ತೋರುತ್ತಿರುವುದನ್ನು ಸ್ಥಾಪಿಸಿತು. ಹವಾಮಾನದ ಬದಲಾವಣೆಗೆ ಒಂದು ಕುಟುಂಬದ ಟಿಪ್ಪಣಿ ಪುಸ್ತಕಗಳು ಸಾಕ್ಷಿಯಾದವು. ಇನ್ನು ತೋಳ: ಅಮೆರಿಕದ ನೈಋತ್ಯ ಭಾಗದಿಂದ ಸಂಪೂರ್ಣವಾಗಿ ಅಳಿದುಹೋಗಿದ್ದ ಮೆಕ್ಸಿಕನ್ ತೋಳವನ್ನು ಬಂಧನದಲ್ಲಿ ಸಾಕಿ ಬೆಳೆಸಿ, 1998ರಲ್ಲಿ 11 ತೋಳಗಳನ್ನು ಆರಿಜೋನಾದ ಕಾಡಿಗೆ ಮರಳಿ ಬಿಡಲಾಯಿತು. ಅದು ಇಪ್ಪತ್ತೆರಡರ ಯುವಕನೊಬ್ಬನು ಹಿಂದೆ ಗುಂಡು ಹಾರಿಸಿದ ಅದೇ ಅಪಾಚೆ ಅರಣ್ಯಸೀಮೆ.

ಲಿಯೋಪೋಲ್ಡರಿಗೆ ಮೂವತ್ತೈದು ವರ್ಷಗಳ ಕಾಲಾವಕಾಶ ದೊರೆಯಿತು. ಇಂದು ಬತ್ತುತ್ತಿರುವ ಕೆರೆಗೆ, ಅಳಿಯುತ್ತಿರುವ ಕಾಡಿಗೆ ಅಷ್ಟು ಸಮಯವಿಲ್ಲ. ಅವರಿಗೆ ತಡವಾಗಿ ಒದಗಿದ ಮೂರು ಸಾಧನಗಳು ನಮಗೆ ಮೊದಲೇ ಒದಗಬಲ್ಲವು: ತನ್ನ ಸುತ್ತಲ ನೆಲವನ್ನು ನಿತ್ಯವೂ ಗಮನಿಸಿ ಬರೆದಿಡುವ ಶಿಸ್ತು, ಅದರ ದುರಸ್ತಿಗೆ ಕೈ ಹಚ್ಚುವ ಶ್ರಮ, ನಮ್ಮ ಪಾಲಿನ ತಪ್ಪನ್ನು ಎತ್ತಿ ತೋರಿಸುವ ಮಿತ್ರನ ಮಾತಿಗೆ ಕಿವಿಗೊಡುವ ವಿನಯ. ಇವುಗಳಲ್ಲಿ ಮೊದಲನೆಯದನ್ನು ಮನೆಯ ಹಿತ್ತಿಲಿನಲ್ಲಿ ನಾಳೆಯೇ ಆರಂಭಿಸಬಹುದು.