ಆಸ್ಪತ್ರೆಯ ಪಕ್ಕ ಒಂದು ಸೂರು

ಕ್ಯಾನ್ಸರ್ ಎಂದು ಗೊತ್ತಾದ ಮನೆಯಲ್ಲಿ ಮೊದಲು ಏಳುವ ಪ್ರಶ್ನೆ ಖರ್ಚಿನದು. ಎರಡನೆಯದು, ಉಳಿದುಕೊಳ್ಳುವುದೆಲ್ಲಿ? ವಿಜಯಪುರದಿಂದಲೋ ಕಲಬುರಗಿಯಿಂದಲೋ ಮುಂಬಯಿಯ ಟಾಟಾ ಸ್ಮಾರಕ ಆಸ್ಪತ್ರೆಗೆ ಹೊರಟವರನ್ನು ಈ ಎರಡನೆಯ ಪ್ರಶ್ನೆ ರೈಲಿನುದ್ದಕ್ಕೂ ಕಾಡುತ್ತದೆ. ವಿಕಿರಣ ಚಿಕಿತ್ಸೆ ದಿನಕ್ಕೆ ಕೆಲವೇ ನಿಮಿಷದ್ದು. ಆದರೆ ವಾರಕ್ಕೆ ಐದು ದಿನದಂತೆ ಅನೇಕರಿಗೆ ಐದಾರು ವಾರ ನಡೆಯುತ್ತದೆ. ಓಡಾಡಬಲ್ಲ ರೋಗಿಗೆ ಇದಕ್ಕಾಗಿ ಸಾಮಾನ್ಯವಾಗಿ ಹಾಸಿಗೆ ಸಿಗುವುದಿಲ್ಲ. ಹತ್ತಿರದ ನೆಂಟರೇ ಇದ್ದರೂ, ಮುಂಬಯಿಯ ಒಂದು ಕೋಣೆಯ ಮನೆಯಲ್ಲಿ ಎಷ್ಟು ದಿನ ಇರಲಾದೀತು?

ಪರೇಲ್‌ನಲ್ಲಿ ಈ ಆಸ್ಪತ್ರೆ ಆರಂಭವಾದದ್ದು 1941ರಲ್ಲಿ. ಅದರ ಸುತ್ತಲಿನ ಫುಟ್‌ಪಾತ್‌ಗಳಲ್ಲಿ ರೋಗಿಗಳು ದಿನಗಟ್ಟಲೆ ಮಲಗಿದ್ದುಂಟು. ಇರಲು ಜಾಗವಿಲ್ಲದೆ ಚಿಕಿತ್ಸೆಯನ್ನು ಅರ್ಧಕ್ಕೇ ಬಿಟ್ಟು ಊರಿಗೆ ಮರಳಿದವರೂ ಇದ್ದಾರೆ.

ಈ ಕಷ್ಟವನ್ನು ಬಹಳ ಹಿಂದೆಯೇ ಗುರುತಿಸಿದವರು ಶಾಲೆಯ ಮೆಟ್ಟಿಲು ಹತ್ತದ ಒಬ್ಬ ಸಂತರು. ವಿದರ್ಭದ ಅಮರಾವತಿ ಜಿಲ್ಲೆಯಲ್ಲಿ 1876ರಲ್ಲಿ ಅಗಸರ ಮನೆಯಲ್ಲಿ ಹುಟ್ಟಿದ ಡೇಬೂಜಿ, ಮುಂದೆ ಗಾಡಗೆ ಮಹಾರಾಜ್ ಎನಿಸಿದರು. ಮೈಮೇಲೆ ತೇಪೆ ಹಾಕಿದ ಬಟ್ಟೆ, ಕೈಯಲ್ಲಿ ಪೊರಕೆ, ಜೊತೆಗೊಂದು ಮಣ್ಣಿನ ಮಡಕೆ. ಆ ಮಡಕೆಯಿಂದಲೇ ಬಂದ ಹೆಸರು. ಹಗಲು ಊರು ಗುಡಿಸಿ, ರಾತ್ರಿ ಕೀರ್ತನೆ ಮಾಡುತ್ತಿದ್ದರು. ಬಂದ ಹಣವೆಲ್ಲ ಧರ್ಮಶಾಲೆ, ಶಾಲೆಗಳಿಗೆ ಹೋಯಿತು.

ಛತ್ರ ಕಟ್ಟಿಸುವುದು ನಮಗೂ ಹೊಸದಲ್ಲ. ಆದರೆ ಹಳೆಯ ಛತ್ರಗಳು ಬಹುಮಟ್ಟಿಗೆ ಯಾತ್ರಿಕರಿಗೆ. ಎಷ್ಟೋ ಕಡೆ ಬಾಗಿಲಲ್ಲೇ ಜಾತಿ ಕೇಳುತ್ತಿದ್ದರು. ಪಂಢರಪುರದಲ್ಲಿ ದಲಿತರಿಗೆ ಇಳಿದುಕೊಳ್ಳಲು ಜಾಗವಿಲ್ಲದ್ದನ್ನು ಕಂಡು ಗಾಡಗೆ ಬಾಬಾ ಅಲ್ಲಿ ಚೋಖಾಮೇಳನ ಹೆಸರಿನಲ್ಲಿ ಧರ್ಮಶಾಲೆ ಕಟ್ಟಿಸಿದರು. ಮುಂದೆ ಅದನ್ನು ಡಾ. ಅಂಬೇಡ್ಕರ್ ಅವರ ಪೀಪಲ್ಸ್ ಎಜುಕೇಷನ್ ಸೊಸೈಟಿಗೆ ಒಪ್ಪಿಸಿದರು.

ಅವರ ದೊಡ್ಡ ಹೆಜ್ಜೆ, ನನ್ನ ಲೆಕ್ಕದಲ್ಲಿ, 1954ರದು. ಮುಂಬಯಿಯ ಜೆ.ಜೆ. ಆಸ್ಪತ್ರೆಗೆ ಬರುವ ರೋಗಿಗಳ ಕಡೆಯವರಿಗಾಗಿಯೇ ಅವರು ಧರ್ಮಶಾಲೆ ಕಟ್ಟಿಸಿದರು. ದೇವರ ಊರಿಗೆ ಹೋದವರಿಗೆ ಸಲ್ಲುತ್ತಿದ್ದ ಉಪಚಾರ ಆಸ್ಪತ್ರೆಗೆ ಬಂದವರಿಗೂ ಸಂದಿತು. ದೇವಸ್ಥಾನದಲ್ಲಿ ಮೂರು ದಿನ ಇದ್ದು ಹೊರಡಬಹುದು. ಆಸ್ಪತ್ರೆಯ ಬಾಗಿಲಲ್ಲಿ ಕಾಯುವವರಿಗೆ ಹೊರಡುವ ದಿನವೇ ಗೊತ್ತಿರುವುದಿಲ್ಲ.

ಎರಡು ವರ್ಷದ ನಂತರ, 1956ರ ಡಿಸೆಂಬರ್ 20ರಂದು, ಅಮರಾವತಿಗೆ ಹೋಗುವ ದಾರಿಯಲ್ಲೇ ಅವರು ತೀರಿಕೊಂಡರು.

ಅವರ ಹೆಸರಿನ ಧರ್ಮಶಾಲೆಯೊಂದು ಮುಂಬಯಿಯ ದಾದರ್‌ನಲ್ಲಿದೆ. ಪರೇಲ್ ಅಲ್ಲಿಂದ ದೂರವಲ್ಲ. ಬಿಹಾರ, ಬಂಗಾಳ, ಅಸ್ಸಾಂಗಳಿಂದಲೂ ಕ್ಯಾನ್ಸರ್ ರೋಗಿಗಳು ಇಲ್ಲಿಗೆ ಬರುತ್ತಾರೆ. ಅಲ್ಪ ಶುಲ್ಕಕ್ಕೆ ರೋಗಿಗೂ ಜೊತೆಗಿರುವವರಿಗೂ ಮಲಗಲು ಜಾಗ ಸಿಗುತ್ತದೆ. ಊಟವೂ ಉಂಟು.